ಎರಡೂ ಒಂದೇ ಕಣೇ

ಕಿತ್ತಳೆ, ಕಿತ್ತಳೆ, ನಡುವೆ ಒಂದು ಗೆರೆ ನೀಲಿ, ಬೆಲ್ಟಿನ ಬಕಲ್ ಇರಬೇಕು, ನೀಲಿ ಅಂದರೆ ಲೋಹ, ಕಿತ್ತಳೆ ಅಂದರೆ ತಿನ್ನುವುದು, ಉಡುವುದು, ಓದುವುದು, ಮನುಷ್ಯರು ಕಟ್ಟಿಕೊಂಡು ಹೋಗುವುದೆಲ್ಲ ಈ ಪರದೆಯ ಮೇಲೆ ಕಿತ್ತಳೆಯೇ, ಹಸಿರು ಅಂದರೆ ಆ ಕಡೆಗೂ ಸೇರದ ಈ ಕಡೆಗೂ ಸೇರದ ಸಾಮಾನು, ಅದಕ್ಕೂ ಒಂದು ಬಣ್ಣ ಇಟ್ಟಿದ್ದಾನೆ ಈ ಯಂತ್ರ ಮಾಡಿದವನು, ಬುದ್ಧಿವಂತ – ಮುಂದಿನ ಪೆಟ್ಟಿಗೆ, ಮೀನು, ಹೆಪ್ಪುಗಟ್ಟಿಸಿದ ಸಾಲ್ಮನ್, ತಲೆ ಬಾಲ ಎಲ್ಲ ಕಾಣುತ್ತದೆ, ಹೋಗಲಿ, ಮುಂದಿನದು, ಆಚೆ ನನ್ನ ಜೊತೆ ತಪಾಸಣೆಗೆ ನಿಂತ ಡುವೇನ್ ಕೂಗುತ್ತಿದ್ದಾನೆ ಬೂಟು ಬಿಚ್ಚಿ, ಜೇಬು ಖಾಲಿ ಮಾಡಿ, ಅವನ ಗಂಟಲು ಮೂವತ್ತನಾಲ್ಕು ದಿನದಿಂದ ಕಟ್ಟಿದೆ, ಖರ್ಚಿನ ಲೆಕ್ಕ ಒಪ್ಪದೆ ಸರ್ಕಾರಕ್ಕೆ ಬೀಗ ಬಿದ್ದೂ ಇವತ್ತಿಗೆ ಮೂವತ್ತನಾಲ್ಕೇ ದಿನ, ಬೀಗ ಹಾಕಿದವರು ವಾಷಿಂಗ್ಟನ್ನಿನಿಂದ ತಂತಮ್ಮ ಮನೆಗೆ ಹೋದರು, ಬಾಗಿಲು ಕಾಯುವ ನಾವು ಮಾತ್ರ ಹೋಗಕೂಡದು, ನಾವು ಅತ್ಯಗತ್ಯದವರಂತೆ, ಅತ್ಯಗತ್ಯ ಅಂದ್ರೆ ಸಂಬಳ ಇಲ್ದೆ ಬರೋರು ಅಂತ ಡುವೇನ್ ಅರ್ಥ ಹೇಳುತ್ತಾನೆ, ಸಾಲಿನಲ್ಲಿ ಹೆಣೆದ ಟೋಪಿಯ ಮುದುಕನೊಬ್ಬ ಬೂಟು ಬಿಚ್ಚುತ್ತಾ ಗೊಣಗಿದ, ಮುಚ್ಲಿ ಬಿಡಪ್ಪ, ಒಂದು ತಿಂಗಳಾಯ್ತು, ಮುಚ್ಚಿದಾರೆ ಅಂತ ನಂಗೆ ಗೊತ್ತೇ ಆಗ್ಲಿಲ್ಲ, ಅದಕ್ಕೆ ಡುವೇನ್, ಗೊತ್ತಾಗ್ದೇ ಇರೋದು ನಾವು ಬಂದಿರೋದ್ರಿಂದ ಸ್ವಾಮಿ, ಇನ್ನೊಂದು ಬೂಟೂ ಬಿಚ್ಚಿ. ನನಗೆ ನಗು ಬಂತು, ನಗಲಿಲ್ಲ, ಈಚೆಗೆ ನಗು ಬಾಯಿಯವರೆಗೆ ಬಂದು ವಾಪಸ್ ಹೋಗುತ್ತದೆ. ನನ್ನನ್ನು ಕೆಲಸದಿಂದ ದೂರ ಇಡಿ ಅಂತ ಒಂದು ಕಾಗದ ಎಲ್ಲೋ ಒಂದು ಮೇಜಿನ ಮೇಲೆ ಕೂತಿದೆ, ಮತದಾನದಲ್ಲಿ ಮೋಸ ಮಾಡಿದವಳು ವಿಮಾನ ನಿಲ್ದಾಣ ಕಾಯಬಾರದಲ್ಲ, ಆದರೆ ಆ ಕಾಗದಕ್ಕೆ ರುಜು ಹಾಕುವವಳು ಅತ್ಯಗತ್ಯದವಳಲ್ಲ, ಅವಳು ಮನೆಯಲ್ಲಿ ಕೂತು ಸ್ವೆಟರ್ ಹೆಣೆಯುತ್ತಿರಬೇಕು, ಹೀಗಾಗಿ ನನ್ನನ್ನು ತೆಗೆಯುವುದಕ್ಕೂ ಜನ ಇಲ್ಲ, ನನಗೆ ಕೊಡುವುದಕ್ಕೂ ದುಡ್ಡಿಲ್ಲ, ನಾನು ಬರುತ್ತಿದ್ದೇನೆ, ಬೆಳಿಗ್ಗೆ ಐದಕ್ಕೆ ಎದ್ದು ಕಾರಿನ ಗಾಜಿನ ಮೇಲಿನ ಹಿಮ ಕೆರೆದು ಬರುತ್ತಿದ್ದೇನೆ.

ಮುಂದಿನ ಬುಟ್ಟಿ, ಸ್ವೆಟರ್, ಕಿತ್ತಳೆ, ಔಷಧಿ ಡಬ್ಬಿ, ಒಂದು ನೀಲಿ ಉಂಗುರ, ದೊಡ್ಡದು, ತಟ್ಟೆಯಷ್ಟು ಅಗಲ, ಉಂಗುರದ ತುಂಬ ದಟ್ಟ ಕಿತ್ತಳೆ, ಅದರ ಮೇಲೆ ಅಡ್ಡ ನಾಲ್ಕು ಪಟ್ಟಿ ಉದ್ದ ಮೂರು ಪಟ್ಟಿ, ನಾಲ್ಕು ಮೂರು, ಬೇರೆಯವರೆಲ್ಲ ನಾಲ್ಕು ನಾಲ್ಕು ಹಾಕುತ್ತಾರೆ, ಹಿಟ್ಟು ಯಾವಾಗಲೂ ಒಂದು ಪಟ್ಟಿಗೆ ಸಾಲದೆ ಬರುವುದು ಒಬ್ಬಳದೇ – ಡಾರ್ಲೀನ್. ತಲೆ ಎತ್ತದೆ ಗೊತ್ತಾಯಿತು, ಸಾಲಿನಲ್ಲಿ ಡಾರ್ಲೀನ್ ಇದ್ದಾಳೆ. ಹುಳಿದಂಟಿನ ಪೈ, ತಗಡಿನ ತಟ್ಟೆಯಲ್ಲಿ ದಂಟು ತುಂಬಿ ಮೇಲೆ ಹಿಟ್ಟಿನ ಪಟ್ಟಿ ಹೆಣೆದು ಬೇಯಿಸುವ ಸಿಹಿ, ಜೂನಿನಲ್ಲಿ ಅವಳ ಹಿತ್ತಲಿನಲ್ಲಿ ನಾವಿಬ್ಬರೇ ಕಿತ್ತು ಕತ್ತರಿಸಿ ಡಬ್ಬಿಗೆ ತುಂಬಿ ಫ್ರೀಜರಿನಲ್ಲಿಟ್ಟ ದಂಟು, ಅದರಲ್ಲಿ ಅರ್ಧ ನನ್ನ ಕೈಯ ಕೆಲಸ, ಈಗ ಅದು ನನ್ನ ಕಣ್ಣೆದುರು ಕಿತ್ತಳೆಯಾಗಿ ಹೊರಟಿದೆ, ಎಲ್ಲಿಗೆ, ಇನ್ನೆಲ್ಲಿಗೆ, ಈ ಊರಿನಿಂದ ದಿನಕ್ಕೆ ಒಂದೇ ವಿಮಾನ, ಸಿಯಾಟಲ್‌ಗೆ, ಅಲ್ಲಿಂದ ಸ್ಪೋಕೇನಿನಲ್ಲಿರುವ ತಂಗಿಯ ಮನೆಗೆ, ದೊಡ್ಡ ಸೂಟ್‌ಕೇಸ್ ಬೇರೆ ಕೌಂಟರಿನಲ್ಲಿ ಕೊಟ್ಟಿರಬೇಕು, ಚಳಿಗಾಲ ಮುಗಿಯುವವರೆಗೆ ಬರುವುದಿಲ್ಲ. ಸೋಮವಾರ ನನ್ನ ವಿಚಾರಣೆ. ಇವತ್ತು ಗುರುವಾರ. ನಾಳೆ ಡಾರ್ಲೀನಳ ಕೈಗೆ ಸಾಕ್ಷಿ ಹೇಳಲು ಬರಬೇಕೆಂಬ ಕಾಗದ ಕೊಡಲು ಆಂಕರೇಜಿನಿಂದ ಆಳು ಬರುತ್ತಾನೆ ಅಂತ ನನ್ನ ವಕೀಲೆ ಮಿಸ್ ಓಕ್ಲೆ ನಿನ್ನೆ ತಾನೆ ಫೋನಿನಲ್ಲಿ ಹೇಳಿದಳು, ಡಾರ್ಲೀನ್ ಕೋರ್ಟಲ್ಲಿ ನಿಂತು ನಿಜ ಹೇಳಿದ್ರೆ ನಿಮ್ ಕೇಸು ನಿಲ್ಲಲ್ಲ ಫೆಟುವಾವೊ, ಅವಳು ಇಲ್ದೆ ಹೋದ್ರೆ ನಾವು ತಪ್ಪೊಪ್ಪಿಕೊಂಡು ಶಿಕ್ಷೆ ಕಡಿಮೆ ಮಾಡಿ ಅಂತ ಕೇಳೋದೊಂದೇ ದಾರಿ, ಮತ್ತೆ ನೆನಪಿರಲಿ, ನೀವಾಗಿ ಅವಳ ಹತ್ರ ಕೇಸಿನ ಮಾತು ಎತ್ತಬಾರದು, ಒಂದಕ್ಷರ ಕೂಡ. ಆಯ್ತು ಮೇಡಂ. ಕೇಸಿನ ಮಾತು ಎತ್ತಬಾರದು, ಬೂಟು ಬಿಚ್ಚಿ ಅನ್ನಬಹುದು.

ತಲೆ ಎತ್ತಿದೆ. ಕೆಂಪು ಕೋಟು, ಬೂದು ಕೂದಲಿಗೆ ನಾನೇ ಹೆಣೆದು ಕೊಟ್ಟ ಟೋಪಿ, ನನ್ನನ್ನು ನೋಡಿಲ್ಲ ಅನ್ನುವ ಹಾಗೆ ಗೋಡೆಯ ಮೇಲಿನ ಫಲಕ ಓದುತ್ತಿದ್ದಾಳೆ, ಎಷ್ಟೋ ವರ್ಷದಿಂದ ಇದೇ ನಿಲ್ದಾಣ, ಆ ಫಲಕ ಅವಳಿಗೆ ಬಾಯಿಪಾಠ. ಈ ಲಾರ್ಕಿನ್ ಬೇ ಊರ ಕಚೇರಿಯ ಗುಮಾಸ್ತೆ ಅವಳು, ಹುಟ್ಟು ಸಾವು ನಾಯಿ ಲೈಸೆನ್ಸು ಚುನಾವಣೆ ಎಲ್ಲ ಅವಳ ಮೇಜಿನ ಮೇಲೇ. ನಾನು ಟುಟುಇಲಾದಿಂದ, ಅಮೆರಿಕದ ಬಾವುಟವೇ ಹಾರುವ ದಕ್ಷಿಣ ಸಮುದ್ರದ ನಮ್ಮ ದ್ವೀಪದಿಂದ, ಬಂದು ಇಳಿದ ಮೊದಲ ಚಳಿಗಾಲ ಚಪ್ಪಲಿಯಲ್ಲಿ ಹಿಮದ ಮೇಲೆ ನಿಂತಿದ್ದೆ, ಗಂಡ ಇಯೋಸೆಫೊ ಮೀನಿನ ಕಾರ್ಖಾನೆಯಲ್ಲಿ, ಕೈಯಲ್ಲಿ ಮಗಳು ಲಗಿ ಒಂದು ವರ್ಷದ ಕೂಸು, ಡಾರ್ಲೀನ್ ತನ್ನ ಗಾಡಿ ನಿಲ್ಲಿಸಿ ಅಯ್ಯೋ ನಿನ್ ಕಾಲು ನೋಡೇ ಅಂತ ಕಿರುಚಿದಳು, ಮನೆಗೆ ಕರೆದುಕೊಂಡು ಹೋಗಿ ಬೂಟು ಕೊಟ್ಟಳು, ಮಂಜುಗಡ್ಡೆಯ ಮೇಲೆ ಕಾರು ಓಡಿಸುವುದು ಕಲಿಸಿದಳು, ಜಾರಿದ್ರೆ ಬ್ರೇಕ್ ಒತ್ತಬೇಡ ಚಿನ್ನಾ, ಸ್ಟೇರಿಂಗ್ ಸಡ್ಲ ಬಿಡು, ಹದಿನೆಂಟು ವರ್ಷ ಚಿನ್ನಾ ಅಂದಳು, ನನ್ನ ಅಮ್ಮ ಹೋದ ಸುದ್ದಿ ಬಂದ ಸಂಜೆ ನನ್ನ ತಲೆ ತನ್ನ ಹೆಗಲ ಮೇಲಿಟ್ಟುಕೊಂಡು ನನ್ನ ಜೊತೆ ಅತ್ತಳು. ಮತ್ತೆ ಆ ದಿನ, ಐದು ವರ್ಷದ ಹಿಂದೆ, ಶಾಲೆಯ ಆಟದ ಹಜಾರ, ಬ್ಯಾಸ್ಕೆಟ್‌ಬಾಲ್ ಗೆರೆಗಳ ಮೇಲೆ ಮಡಿಸುವ ಮೇಜು, ನಾನು ಬೆಳಿಗ್ಗೆ ಕರಿದ ಪಾನಿಕೆಕೆ ಒಂದು ಬುಟ್ಟಿ ತಂದಿದ್ದೆ, ಉಂಡೆ ಉಂಡೆ ಸಿಹಿ ಬೋಂಡ, ಅದನ್ನು ಬಾಯಿಗೆ ಹಾಕಿಕೊಂಡೇ ಡಾರ್ಲೀನ್ ನನ್ನ ಮುಂದೆ ಕಾಗದ ತಳ್ಳಿದಳು, ಮತದಾರರ ಪಟ್ಟಿಗೆ ಸೇರುವ ಕಾಗದ. ಮೊದಲ ಸಾಲಿನಲ್ಲೇ ಎರಡು ಚೌಕ ಮನೆ. ಅಮೆರಿಕದ ನಾಗರಿಕರು ಹೌದು, ಒಂದು ಮನೆ. ಅಲ್ಲ, ಒಂದು ಮನೆ. ನಾನು ಪೆನ್ನು ಹಿಡಿದು ನಿಂತೆ. ಕೇಳಿದೆ, ಕೇಳಿದೆ, ಅದನ್ನು ಯಾರು ಬೇಕಾದರೂ ಅಳಿಸಲಿ ನನ್ನ ಕಿವಿಯಿಂದ ಅಳಿಸಲಾರರು, ಡಾರ್ಲೀನ್, ನಮ್ ದ್ವೀಪದೋರನ್ನ ನ್ಯಾಷನಲ್ ಅಂತಾರೆ, ದೇಶದವಳು ಅಂತ, ಇಲ್ಲಿ ಅದಕ್ಕೆ ಮನೇನೇ ಇಲ್ವಲ್ಲ? ಅವಳು ಬೆರಳು ನೆಕ್ಕಿ ಸಕ್ಕರೆ ತೆಗೆದು, ತೋರುಬೆರಳು, ಕೆಂಪು ಬಣ್ಣ ತುದಿಯಲ್ಲಿ ಎದ್ದುಹೋದ ಉಗುರು, ಮೊದಲ ಮನೆಯ ಮೇಲೆ ಇಟ್ಟು ಟಕ್ ಟಕ್ ಅಂತ ಎರಡು ಸಲ ಬಡಿದಳು. ಎರಡೂ ಒಂದೇ ಕಣೇ, ಇಲ್ಲಿ ಟಿಕ್ ಹಾಕ್ಬಿಡು. ಹಾಕಿದೆ. ಬೆರಳು ಎತ್ತಿದ ಜಾಗದಲ್ಲಿ ಕಾಗದದ ಮೇಲೆ ಎಣ್ಣೆಯ ಕಲೆ ಉಳಿದಿತ್ತು, ನಾನು ಕರಿದ ಎಣ್ಣೆ.

ಎರಡೂ ಒಂದೇ ಆಗಿದ್ದರೆ ಎರಡು ಪದ ಯಾಕೆ ಅಂತ ಯೋಚಿಸಬೇಕಿತ್ತು, ದಿನಕ್ಕೆ ನೂರು ಪಾಸ್‌ಪೋರ್ಟು ನೋಡುವವಳು, ಬೆಳಕು ಬಿಟ್ಟು, ಉಗುರಿನಿಂದ ಅಂಚು ಕೆರೆದು, ಯಾರ ಹುಬ್ಬು ಯಾರ ಫೋಟೋಗೆ ಹೊಂದುತ್ತದೆ ಅಂತ ನೋಡುವವಳು, ನನ್ನದರ ಕೊನೆಯ ಪುಟ ಒಮ್ಮೆಯೂ ತಿರುವಿರಲಿಲ್ಲ, ಹೊರಗಡೆ ಎಲ್ಲರದರಂತೆ ನೀಲಿ, ಎಲ್ಲರದರಂತೆ ಹದ್ದು, ಕೊನೆಯ ಪುಟದಲ್ಲಿ ಒಂದು ಸಾಲು, ಇದನ್ನು ಹೊಂದಿದವರು ಅಮೆರಿಕ ದೇಶದವರು, ಅಮೆರಿಕದ ನಾಗರಿಕರಲ್ಲ, ನಮ್ಮ ದ್ವೀಪದಲ್ಲಿ ಹುಟ್ಟಿದವರಿಗೆಲ್ಲ ಇದೇ ಸಾಲು. ಲಗಿಯೇ ಅದನ್ನು ಓದಿ ತೋರಿಸಿದಳು, ಊಟದ ಮೇಜಿನ ಮೇಲೆ, ಹಾಗಾದ್ರೆ ಅಮ್ಮಾ ನಾನು ನಾಗರಿಕಳು, ನೀನು ಅಲ್ಲ? ಅವಳು ಈ ನೆಲದಲ್ಲಿ ಹುಟ್ಟಿದವಳು, ಆಂಕರೇಜಿನ ಆಸ್ಪತ್ರೆಯಲ್ಲಿ, ನಾನು ಹೊಟ್ಟೆಯಲ್ಲಿ ಹೊತ್ತುಕೊಂಡು ವಿಮಾನ ಹತ್ತಿ ಅಕ್ಕನ ಮನೆಗೆ ಬಂದು ಹೆತ್ತು ಮತ್ತೆ ದ್ವೀಪಕ್ಕೆ ಹೋಗಿದ್ದೆ, ಹತ್ತೊಂಬತ್ತು ವರ್ಷ ಒಂದೇ ಅನ್ನದ ಪಾತ್ರೆಯಿಂದ ತಿಂದವರಲ್ಲಿ ಒಬ್ಬಳಿಗೆ ಮನೆ ಇದೆ, ಇಬ್ಬರಿಗೆ ಇಲ್ಲ. ನನ್ನಪ್ಪ ಅಮೆರಿಕದ ಸೈನ್ಯದಲ್ಲಿ ವಿಯೆಟ್ನಾಮಿಗೆ ಹೋಗಿ ಬಂದವನು, ಅವನ ಶವಪೆಟ್ಟಿಗೆಯ ಮೇಲೆ ಹೊದಿಸಿದ ಬಾವುಟವನ್ನು ಮುಕ್ಕೋನ ಮಡಿಸಿ ನನ್ನ ಕೈಗೇ ಕೊಟ್ಟರು, ಕೊಡುವಾಗ ಆ ಸೈನಿಕ ಹುಡುಗ ನೀವು ನಾಗರಿಕರೋ ಅಂತ ಕೇಳಲಿಲ್ಲ. ನಮ್ಮ ದ್ವೀಪದ ಪಾಂಗೊ ಪಾಂಗೊದಲ್ಲಿ ಬಾವುಟದ ಹಬ್ಬದ ದಿನ ಬಿಸಿಲಲ್ಲಿ ನಿಂತು ಎದೆ ಮೇಲೆ ಕೈಯಿಟ್ಟು ಹಾಡಿದವರು ನಾವು, ಇಲ್ಲಿನವರು ಹಾಡುವಾಗ ತುಟಿ ಮಾತ್ರ ಆಡಿಸುತ್ತಾರೆ, ನಾನು ನೋಡಿದ್ದೇನೆ. ಮತ್ತೆ ಸೆಪ್ಟೆಂಬರಿನ ಆ ಬೆಳಿಗ್ಗೆ ಬಾಗಿಲಲ್ಲಿ ಇಬ್ಬರು ಪೊಲೀಸರು, ಟೋಪಿ ಕಂಕುಳಲ್ಲಿ, ಬಹಳ ಮರ್ಯಾದಸ್ಥರು, ಹೋದ ಅಕ್ಟೋಬರಿನ ಶಾಲಾ ಮಂಡಳಿ ಚುನಾವಣೇಲಿ ನೀವು ವೋಟ್ ಹಾಕಿದ್ರಾ ಮೇಡಂ, ಹಾಕಿದೆ, ಈ ಕಾಗದ ನೀವೇ ತುಂಬಿದ್ದಾ, ನಾನೇ, ನೀವು ನಾಗರಿಕರಲ್ಲ ಅನ್ನೋದು ನಿಮ್ಗೆ ಗೊತ್ತಾ – ಆಗ ನಾನು ಮಾಡಿದ್ದು ನನ್ನ ದ್ವೀಪದವರು ಮಾತ್ರ ಮಾಡುವ ತಪ್ಪು. ಯಾರಾದರೂ ಬೇಸರದ ಮುಖ ಮಾಡಿ ಮನೆ ಬಾಗಿಲಿಗೆ ಬಂದರೆ ಕಾರಣ ಕೇಳುವ ಮೊದಲು ನಾವು ತಲೆ ತಗ್ಗಿಸುತ್ತೇವೆ, ಹಾಲು ಕುಡಿಯುವಾಗಲೇ ಕಲಿತದ್ದು, ನಾನು ತಲೆ ತಗ್ಗಿಸಿ ಅಂದೆ, ಕ್ಷಮಿಸಿ, ನನ್ನಿಂದ ತಪ್ಪಾಗಿದ್ರೆ ಕ್ಷಮಿಸಿಬಿಡಿ. ಒಳಗೆ ಬನ್ನಿ, ಕೋಕೋ ಕುಡೀರಿ ಅಂತಲೂ ಅಂದೆ. ಅವರು ಕುಡಿದರು. ವರದಿಯಲ್ಲಿ ಬರೆದರು, ಆರೋಪಿ ತಪ್ಪನ್ನು ಒಪ್ಪಿಕೊಂಡು ಕ್ಷಮೆ ಕೇಳಿದಳು. ಕೋಕೋ ಕುಡಿದದ್ದು ಬರೆಯಲಿಲ್ಲ.

ಡುವೇನ್ ಈಗ ಅವಳಿಗೆ ಕೈ ಮಾಡುತ್ತಿದ್ದಾನೆ, ಬನ್ನಿ ಮೇಡಂ, ಕೋಟು ಬುಟ್ಟಿಗೆ ಹಾಕಿ, ಡಾರ್ಲೀನ್ ಒಂದೊಂದೇ ಗುಂಡಿ ಬಿಚ್ಚುತ್ತಾಳೆ, ನಿಧಾನ, ಬೆರಳಿನ ಗಂಟುಗಳಲ್ಲಿ ನೋವು ಅವಳಿಗೆ, ನಾನೇ ಎಷ್ಟು ಸಲ ಬಿಚ್ಚಿ ಕೊಟ್ಟಿದ್ದೇನೆ. ಹಿಂದೊಂದು ಸಂಜೆ, ಅವಳ ಅಡುಗೆಮನೆಯ ಮೇಜು, ಗಡಿಯ ಸುದ್ದಿ ಟಿವಿಯಲ್ಲಿ, ಮರಳುಗಾಡಿನಲ್ಲಿ ಸಾಲಾಗಿ ನಡೆದು ಬರುವ ಜನ, ಯಾರದೋ ಹೆಗಲ ಮೇಲೆ ಕೂಸು, ನಾನೇ ದೊಡ್ಡ ದನಿಯಲ್ಲಿ ಹೇಳಿದ್ದು, ಇದು ಸರಿಯಿಲ್ಲ ಡಾರ್ಲೀನ್, ಬಾಗಿಲು ತಟ್ಟಿ ಬರ್ಬೇಕು, ಕಾಗದ ಹಿಡ್ಕೊಂಡು ಬರ್ಬೇಕು, ನಾವೇನು ಬೇಲಿ ಹಾರಿ ಬಂದ್ವಾ? ಡಾರ್ಲೀನ್ ನಕ್ಕು, ನೀನು ನಮ್ಮವಳು ಕಣೇ, ನಿನ್ ಮಾತೇ ಬೇರೆ. ನಮ್ಮವಳು. ಆ ಮಾತಿಗೆ ಎಷ್ಟು ಉಬ್ಬಿದೆ ನಾನು, ಬೆಚ್ಚಗೆ ಒಳಗೆ ಕೂತು ಹೊರಗಿರುವವರಿಗೆ ಬುದ್ಧಿ ಹೇಳುವುದು ಎಷ್ಟು ಸುಖ, ಗಡಿಯ ಗೆರೆ ಎಲ್ಲಿದೆ ಅಂತ ಕೇಳಿದ್ದರೆ ಟಿವಿಯ ಕಡೆ ಕೈ ತೋರಿಸುತ್ತಿದ್ದೆ, ಅದು ನನ್ನ ಕೋಟಿನ ಒಳಜೇಬಿನ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿತ್ತು. ಆ ಹೆಗಲ ಮೇಲಿನ ಕೂಸು ಈಗ ಎಲ್ಲಿದೆಯೋ. ವೋಟಿನ ಬಗ್ಗೆಯೂ ನನ್ನದೇ ಜೋರು, ಕಾಗದ ಸರಿಯಿಲ್ದೋರು ಹಾಕ್ಬಾರ್ದು, ಒಂದೊಂದು ವೋಟೂ ಪರೀಕ್ಷೆ ಆಗ್ಬೇಕು, ಈಗಲೂ ಹಾಗೇ ಅನ್ನುತ್ತೇನೆ, ಅದರಲ್ಲೇನು ತಪ್ಪು, ಪರೀಕ್ಷೆ ಆಗಲಿ, ಆದರೆ ಪರೀಕ್ಷೆ ಮಾಡುವ ಮೇಜಿನ ಹಿಂದೆ ಕೂತವಳೇ ಬೆರಳು ಇಟ್ಟು ತೋರಿಸಿದರೆ ಮುಂದೆ ನಿಂತವಳು ಏನು ಮಾಡಬೇಕು, ಅದಕ್ಕೆ ಯಾರ ಹತ್ತಿರವಾದರೂ ಒಂದು ಅಭಿಪ್ರಾಯ ಇದೆಯಾ. ಆ ಶಾಲಾ ಮಂಡಳಿ ಚುನಾವಣೆಯಲ್ಲಿ ನಾಲ್ಕೇ ವೋಟಿನಲ್ಲಿ ಸೋತವನು ಪಟ್ಟಿ ತೆಗೆಸಿ ನೋಡಿದ, ನಮ್ಮ ದ್ವೀಪದ ಹೆಸರು ಹನ್ನೊಂದು ಸಿಕ್ಕವು, ಬಾಯಿಗೆ ಹೊರಳದ ಹನ್ನೊಂದು ಹೆಸರು, ದೂರು ಕೊಟ್ಟ. ಅವನ ಮೇಲೆ ನನಗೆ ಸಿಟ್ಟಿಲ್ಲ, ಅವನು ನನಗೆ ಬೂಟು ಕೊಟ್ಟವನಲ್ಲ. ಮಿಸ್ ಓಕ್ಲೆ ಒಂದು ಹಾಳೆ ನನ್ನ ಮುಂದಿಟ್ಟಳು, ಡಾರ್ಲೀನ್ ಪೊಲೀಸರಿಗೆ ಬರೆದುಕೊಟ್ಟ ಹೇಳಿಕೆ, ದುಂಡು ದುಂಡು ಅಕ್ಷರ, ಪ್ರತಿ ಕ್ರಿಸ್‌ಮಸ್ಸಿಗೆ ನನ್ನ ಕಾರ್ಡಿನ ಮೇಲೆ ಬರೆಯುವ ಅದೇ ಅಕ್ಷರ, ನಾನು ಎಲ್ಲರಿಗೂ ಒಂದೇ ಮಾತು ಹೇಳುತ್ತೇನೆ, ಓದಿ, ಅರ್ಥ ಮಾಡಿಕೊಂಡು, ನೀವೇ ಟಿಕ್ ಹಾಕಿ, ಈ ಮಹಿಳೆ ನನ್ನನ್ನು ಏನಾದರೂ ಕೇಳಿದ್ದು ನನಗೆ ನೆನಪಿಲ್ಲ. ಈ ಮಹಿಳೆ. ಹೆಸರು ಕೂಡ ಬರೆಯಲಿಲ್ಲ. ಅದನ್ನು ಓದಿದ ದಿನ ನನಗೆ ಅಳು ಬರಲಿಲ್ಲ, ಕಾಲು ತಣ್ಣಗಾಯಿತು, ಮೊದಲ ಚಳಿಗಾಲದ ಹಾಗೆ. ಇಯೋಸೆಫೊ ಹಳೆಯ ಪೆಟ್ಟಿಗೆಯಿಂದ ಅಜ್ಜಿಯ ನುಣುಪು ಚಾಪೆ ತೆಗೆದ, ನಮ್ಮಲ್ಲಿ ದೊಡ್ಡ ತಪ್ಪು ಮಾಡಿದವರ ಮನೆಯವರೆಲ್ಲ ಬೆಳಗಾಗುವ ಮೊದಲೇ ಹೋಗಿ ನೊಂದವರ ಬಾಗಿಲಲ್ಲಿ ತಲೆ ಮೇಲೆ ಚಾಪೆ ಹೊದ್ದು ಕೂರುತ್ತಾರೆ, ಒಳಗಿನವರು ಬಂದು ಚಾಪೆ ಎತ್ತುವವರೆಗೆ ಏಳುವುದಿಲ್ಲ, ಎತ್ತಿದರೆ ಮುಗಿಯಿತು, ಇಯೋಸೆಫೊ ಕೇಳಿದ, ಹೋಗಿ ಕೂರೋಣ ಫೆಟು, ಆದ್ರೆ ಯಾರ ಬಾಗಿಲಲ್ಲಿ? ನಾನು ಯೋಚಿಸಿ ನೋಡಿದೆ, ನ್ಯಾಯಾಲಯಕ್ಕೆ ತಾನಾಗಿ ತೆರೆಯುವ ಗಾಜಿನ ಬಾಗಿಲು, ಅಲ್ಲಿ ಕೂತರೆ ಅದು ತೆರೆದು ಮುಚ್ಚಿ ತೆರೆದು ಮುಚ್ಚಿ ಮಾಡುತ್ತಿರುತ್ತದೆ ಅಷ್ಟೆ. ಚಾಪೆ ಮಡಿಸಿ ಇಟ್ಟೆವು. ಆದರೆ ಒಂದು ವಾರ, ಇದನ್ನು ಯಾರಿಗೂ ಹೇಳಿಲ್ಲ, ಒಂದು ವಾರ ಬೆಳಿಗ್ಗೆ ಎದ್ದ ಕೂಡಲೇ ನಮ್ಮ ಮುಂಬಾಗಿಲು ತೆರೆದು ಮೆಟ್ಟಿಲು ನೋಡಿದೆ, ಅಲ್ಲಿ ಕೆಂಪು ಕೋಟು ಏನಾದರೂ ಕೂತಿದೆಯಾ ಅಂತ.

ಬೀಪ್. ಕೈ ಮೇಲೆತ್ತಿ ನಿಂತ ಡಾರ್ಲೀನಳ ತಲೆ ಮೇಲೆ ಹಳದಿ ದೀಪ, ಯಂತ್ರ ಹತ್ತು ಜನಕ್ಕೊಬ್ಬರನ್ನು ತಾನಾಗಿ ಆರಿಸುತ್ತದೆ, ಸಿಡಿಮದ್ದಿನ ಅಂಶ ಇದೆಯಾ ಅಂತ ಕೈ ಒರೆಸಿ ನೋಡಬೇಕು, ಅದಕ್ಕೆ ಯಾರ ಹಂಗೂ ಇಲ್ಲ, ಡುವೇನ್ ನನ್ನ ಕಡೆ ತಿರುಗಿ, ಫೆಟು, ಲೇಡಿ ಒಬ್ರಿದಾರೆ, ಬಾ, ಅಂದವನು ಯಾರು ಅಂತ ನೋಡಿ ದನಿ ತಗ್ಗಿಸಿದ, ಬೇಕಾದ್ರೆ ನಾನೇ – ಬೇಡ, ಹೆಂಗಸಿಗೆ ಹೆಂಗಸೇ ಆಗಬೇಕು ಅಂತ ನಿಯಮ, ಇವತ್ತು ಇನ್ನಿಬ್ಬರು ಹುಷಾರಿಲ್ಲ ಅಂತ ಫೋನ್ ಮಾಡಿದ್ದಾರೆ, ಸಂಬಳವಿಲ್ಲದ ಜ್ವರ, ಉಳಿದವಳು ನಾನೊಬ್ಬಳೇ. ಎದ್ದೆ. ಪರದೆಯ ಮುಂದೆ ಡುವೇನ್ ಕೂತ. ನೀಲಿ ಕೈಗವಸು ಒಂದು, ಇನ್ನೊಂದು, ಬೆರಳು ಬೆರಳಿಗೂ ಎಳೆದು ಕೂರಿಸು, ನಡೆ, ಐದು ಹೆಜ್ಜೆ. ಗುಡ್ ಮಾರ್ನಿಂಗ್ ಮೇಡಂ, ಕೈ ಮುಂದೆ ಚಾಚಿ, ಅಂಗೈ ಮೇಲೆ ಮಾಡಿ. ಮೇಡಂ ಅಂದದ್ದಕ್ಕೆ ಅವಳ ಕಣ್ಣು ರೆಪ್ಪೆ ಬಡಿಯಿತು. ಚಾಚಿ ಅಂದದ್ದಕ್ಕೂ. ಹದಿನೆಂಟು ವರ್ಷದಲ್ಲಿ ನಾನು ಅವಳಿಗೆ ಬಹುವಚನ ಹಚ್ಚಿದ್ದು ಇದೇ ಮೊದಲು. ಫೆಟು ಚಿನ್ನಾ, ಅಂದಳು. ಅಂಗೈ ಮೇಲೆ ಮಾಡಿ ಮೇಡಂ.

ಕೈ ಚಾಚಿದಳು. ಬಿಳಿ ಬಟ್ಟೆಯ ತುಂಡನ್ನು ಬಲ ಅಂಗೈ ಮೇಲೆ ಇಟ್ಟೆ, ಒರೆಸಿದೆ, ಮೆತ್ತಗಿನ ಅಂಗೈ, ಗುಲಾಬಿ ವಾಸನೆಯ ಲೋಷನ್, ಇದನ್ನು ಕೊಡಿಸಿದ್ದೂ ನಾನೇ, ಗಂಟು ನೋವಿಗೆ ಒಳ್ಳೆಯದು ಅಂತ, ಹೆಬ್ಬೆರಳು, ಆಮೇಲೆ ತೋರುಬೆರಳು, ಅಲ್ಲಿಗೆ ಬಂದು ನನ್ನ ಕೈ ನಿಂತಿತು. ಅದೇ ಉಗುರು, ಅದೇ ಕೆಂಪು, ತುದಿಯಲ್ಲಿ ಎದ್ದುಹೋಗಿದೆ, ಇವಳು ಯಾವತ್ತೂ ಎರಡನೇ ಸಲ ಹಚ್ಚುವುದಿಲ್ಲ. ಆ ಬೆರಳನ್ನು ಹಿಡಿದೆ, ರಬ್ಬರಿನ ಆಚೆಯಿಂದ ಬೆಚ್ಚಗೆ, ಒಳಗೆ ಏನೋ ಮಿಡಿಯುತ್ತಿತ್ತು, ನನ್ನದೋ ಅವಳದೋ. ಅವಳು ಬಗ್ಗಿದಳು, ಬುಟ್ಟಿಗಳ ಗಡಗಡ ಸದ್ದು, ಡುವೇನಿಗೆ ಕೇಳುವ ಹಾಗಿಲ್ಲ, ಕಿವಿಯ ಹತ್ತಿರ ಬಂದು ಉಸಿರಿನಲ್ಲಿ ಅಂದಳು, ನಂಗೆ ನೆನಪಿದೆ ಕಣೇ. ಎಲ್ಲ ನೆನಪಿದೆ. ಪಾನಿಕೆಕೆ ತಿಂತಾ ಇದ್ದೆ ನಾನು. ಆದ್ರೆ ಪಿಂಚಣಿಗೆ ಎರಡೇ ವರ್ಷ ಇದೆ ಫೆಟು, ಹೌದು ನಾನೇ ಹೇಳ್ದೆ ಅಂತ ಬರ್ಕೊಟ್ರೆ ನನ್ನನ್ನ ಬಿಡ್ತಾರಾ, ನಿಂಗೇನು, ನಿನ್ನನ್ನ ಯಾರೂ ದೇಶ ಬಿಟ್ಟು ಕಳಿಸೋ ಹಾಗಿಲ್ಲ, ನೀನು ದೇಶದವಳೇ ಅಲ್ವಾ, ಒಪ್ಕೊಂಡ್ರೆ ಏನೋ ಸ್ವಲ್ಪದ್ರಲ್ಲಿ ಮುಗಿಯತ್ತೆ, ಪೈ ನಿಂಗೇ ತಂದಿದ್ದು, ತಗೋ, ಸಿಟ್ಟು ಮಾಡ್ಕೋಬೇಡ. ನೆನಪಿದೆ. ಮರೆತಿದ್ದಾಳೆ ಅಂತ ನಂಬಿಕೊಂಡಿದ್ದೆ ನಾನು, ಈ ನಾಲ್ಕು ತಿಂಗಳು ಅದೊಂದನ್ನು ಹಿಡಿದುಕೊಂಡು ನಿದ್ದೆ ಮಾಡಿದ್ದೆ, ವಯಸ್ಸಾಯಿತು, ನೂರಾರು ಜನ ಬರುತ್ತಾರೆ, ಮರೆತಿರಬೇಕು ಪಾಪ ಅಂತ ಇಯೋಸೆಫೊನ ಜೊತೆ ಜಗಳ ಕೂಡ ಆಡಿದ್ದೆ, ಅವಳ ಪರ. ಗಂಟಲಿಗೆ ಕ್ಷಮಿಸಿ ಅನ್ನುವ ಮಾತು ಬಂತು, ನೋಡಿ ಆ ಮಾತಿನ ಚಾಳಿ, ಇಂಥಾ ಹೊತ್ತಿನಲ್ಲೂ ಮೊದಲು ಅದೇ ಓಡಿ ಬರುತ್ತದೆ, ಹಲ್ಲು ಕಚ್ಚಿ ಹಿಡಿದೆ, ಪೊಲೀಸರಿಗೆ ಒಂದು ಸಲ ಕೊಟ್ಟದ್ದು ಸಾಕು.

ಬಟ್ಟೆ ತುಂಡನ್ನು ಯಂತ್ರದ ಬಾಯಿಗೆ ಇಟ್ಟೆ. ಒಂದು, ಎರಡು, ಮೂರು. ಕೆಂಪು. ಯಂತ್ರಕ್ಕೆ ಸಿಡಿಮದ್ದು ಯಾವುದು ಲೋಷನ್ ಯಾವುದು ಅಂತ ಸರಿಯಾಗಿ ಗೊತ್ತಾಗುವುದಿಲ್ಲ, ಕೆಲವು ಲೋಷನ್ನಿನಲ್ಲಿ ಇರುವುದು ಅದರಲ್ಲೂ ಇರುತ್ತದಂತೆ, ತರಬೇತಿಯಲ್ಲಿ ಹೇಳಿದ್ದರು, ಅಜ್ಜಿಯರಿಗೆ ಎಷ್ಟು ಸಲ ಹೀಗಾಗಿದೆ, ಕೆಂಪು ಬಂದ ಕೂಡಲೇ ಅವರ ಮುಖ ಸಣ್ಣಗಾಗುತ್ತದೆ, ನಾನು ಮೆಲ್ಲಗೆ ಬಚ್ಚಲು ತೋರಿಸುತ್ತೇನೆ, ಹೋಗಿ ಸೋಪ್ ಹಚ್ಚಿ ಕೈ ತೊಳ್ಕೊಂಡು ಬನ್ನಿ ಅಜ್ಜೀ, ಬರುತ್ತಾರೆ, ಮತ್ತೆ ಒರೆಸಿದರೆ ಹಸಿರು, ಏನೂ ಸಿಗಲಿಲ್ಲ ಅಂತ ಬರೆದು ಕಳಿಸುತ್ತೇನೆ. ನಿಯಮದಲ್ಲಿ ಹಾಗಿಲ್ಲ. ಕೆಂಪು ಬಂದರೆ ಕೆಂಪು ಅಂತಲೇ ಬರೆಯಬೇಕು, ಚೀಲವೆಲ್ಲ ಬಿಚ್ಚಬೇಕು, ಮೈ ತಡವಿ ನೋಡಬೇಕು, ಆಂಕರೇಜಿನ ಮೇಲಧಿಕಾರಿಗೆ ಫೋನ್ ಮಾಡಿ ಅವರು ಬಿಡಿ ಅನ್ನುವವರೆಗೆ ಬಿಡಬಾರದು, ಆ ಮೇಲಧಿಕಾರಿಯ ಫೋನು ಮೂವತ್ತನಾಲ್ಕು ದಿನದಿಂದ ಗಂಟೆಗೊಮ್ಮೆ ಎತ್ತಿದರೆ ಪುಣ್ಯ. ವಿಮಾನಕ್ಕೆ ಇನ್ನು ಹನ್ನೆರಡು ನಿಮಿಷ. ಅವಳಿಗೂ ಗೊತ್ತು, ಗಡಿಯಾರ ನೋಡಿದಳು, ಯಂತ್ರದ ಕೆಂಪು ನೋಡಿದಳು, ನನ್ನ ಮುಖ ನೋಡಿದಳು. ಲೋಷನ್ ಕಣೇ ಅದು, ನೀನೇ ಕೊಡ್ಸಿದ್ದಲ್ವಾ, ಗುಲಾಬಿದು. ಗೊತ್ತು. ಗೊತ್ತು ಡಾರ್ಲೀನ್, ನನಗೆ ನೆನಪಿದೆ. ಹಲಗೆಗೆ ಸಿಕ್ಕಿಸಿದ ಕಾಗದ ತೆಗೆದೆ, ಪೆನ್ನಿನ ಮುಚ್ಚಳ ತೆಗೆದೆ, ಹೆಸರು, ಹೊತ್ತು, ಕೆಳಗೆ ಎರಡು ಚೌಕ ಮನೆ. ಸಿಕ್ಕಿತು, ಒಂದು ಮನೆ. ಏನೂ ಸಿಗಲಿಲ್ಲ, ಒಂದು ಮನೆ. ಮೂರನೆಯದಿಲ್ಲ ಇಲ್ಲೂ, ಲೋಷನ್ ಅನ್ನುವುದಕ್ಕೆ ಮನೆ ಇಲ್ಲ, ಗೆಳತಿ ಅನ್ನುವುದಕ್ಕೆ ಮನೆ ಇಲ್ಲ, ಕಾಗದ ಮಾಡುವವರು ಯಾರೋ ಎಲ್ಲ ಕಡೆ ಅವರೇ ಇರಬೇಕು. ಕೊನೆಯ ಕರೆ, ಧ್ವನಿವರ್ಧಕದಲ್ಲಿ, ಸಿಯಾಟಲ್, ಎಲ್ಲರೂ ಹತ್ತಬೇಕು. ಇವತ್ತು ಇವಳು ಹೋದರೆ ನಾಳೆ ಆ ಆಳು ಖಾಲಿ ಮನೆಯ ಬಾಗಿಲು ತಟ್ಟಿ ವಾಪಸ್ ಹೋಗುತ್ತಾನೆ, ಸೋಮವಾರ ನಾನು ಎದ್ದು ನಿಂತು ನಾನು ಮೋಸಗಾತಿ ಅಂತ ಹೇಳಬೇಕು, ಹನ್ನೊಂದು ಜನರಲ್ಲಿ ಮೊದಲು ನಾನು, ನಾನು ಹೇಳಿದರೆ ಉಳಿದ ಹತ್ತೂ ಜನ ಹೇಳಬೇಕು. ನಾನು ಸುಳ್ಳು ಹಾಕಬೇಕಾಗಿಲ್ಲ. ಕೆಂಪು ಬಂದದ್ದು ನಿಜ. ಇಷ್ಟು ವರ್ಷದಲ್ಲಿ ಎಲ್ಲ ಅಜ್ಜಿಯರಿಗೂ ನಿಯಮ ಬಗ್ಗಿಸಿದವಳು ಇವಳೊಬ್ಬಳಿಗೆ ನೆಟ್ಟಗೆ ಹಿಡಿದರೆ ಅದು ನ್ಯಾಯವೋ ಸೇಡೋ, ಎರಡೂ ಒಂದೇ ಅಲ್ಲ, ಗೊತ್ತು ನನಗೆ, ಎರಡೂ ಇರಲಿ, ಎರಡೂ ನನಗೆ ಬೇಕು.

ಪೆನ್ನಿನ ತುದಿ ಕಾಗದದ ಮೇಲೆ ಇನ್ನೂ ತಾಗಿಲ್ಲ, ಅಷ್ಟರಲ್ಲಿ ಬಂತು, ಎಡಗಡೆಯಿಂದ, ಕೋಟಿನ ಕೆಂಪು ತೋಳಿಲ್ಲದೆ ಬರೀ ಕೈ, ತೋರುಬೆರಳು, ಎರಡನೆಯ ಮನೆಯ ಮೇಲೆ ಇಳಿಯಿತು, ಟಕ್ ಟಕ್. ಇಲ್ಲಿ ಟಿಕ್ ಹಾಕ್ಬಿಡು ಚಿನ್ನಾ, ಸಿಕ್ಕಿದ್ದೇನು ಸಿಗದಿದ್ದದ್ದೇನು, ಇಂಥದಕ್ಕೆಲ್ಲ ಎರಡೂ ಒಂದೇ ಕಣೇ. ಹೇಳಿದ ಮೇಲೆ ಅವಳಿಗೆ ತನ್ನ ಮಾತು ತನಗೇ ಕೇಳಿಸಿತು. ನನಗೆ ಕಾಣಿಸಿತು ಅದು ಕೇಳಿಸಿದ್ದು, ಬಾಯಿ ಅರ್ಧ ತೆರೆದು ಹಾಗೇ ನಿಂತಿತು. ನಾನು ಅಂದೆ, ಕೇಸಿನ ಮಾತು ಎತ್ತಲಿಲ್ಲ, ಮಿಸ್ ಓಕ್ಲೆ, ಒಂದಕ್ಷರ ಎತ್ತಲಿಲ್ಲ, ಕೆಲಸದ ಮಾತನ್ನೇ ಅಂದೆ, ನಾನು ಎಲ್ಲರಿಗೂ ಒಂದೇ ಮಾತು ಹೇಳ್ತೀನಿ ಮೇಡಂ, ಓದಿ, ಅರ್ಥ ಮಾಡ್ಕೊಂಡು, ಆಮೇಲೆ ಟಿಕ್. ಮೊದಲ ಮನೆಯಲ್ಲಿ ಹಾಕಿದೆ. ಉದ್ದಕ್ಕೆ, ಕಾಗದ ಹರಿಯುವ ಹಾಗೆ. ಡುವೇನ್, ಆಂಕರೇಜಿಗೆ ಫೋನ್ ಹಚ್ಚು, ಕೆಂಪು ಬಂದಿದೆ. ಡುವೇನ್ ಹಚ್ಚಿದ, ಅಲ್ಲಿ ಗಂಟೆ ಹೊಡೆಯುತ್ತಿದೆ, ಯಾರೂ ಎತ್ತುತ್ತಿಲ್ಲ, ಗಾಜಿನಾಚೆ ವಿಮಾನದ ರೆಕ್ಕೆಯ ದೀಪ ಕದಲಿತು, ಪೈ ಬುಟ್ಟಿಯಲ್ಲಿ ತಣ್ಣಗೆ ಕೂತಿದೆ, ನಾಳೆ ಇವಳು ಆ ಕಾಗದ ತೆಗೆದುಕೊಂಡು ಕೋರ್ಟಿನಲ್ಲಿ ಮತ್ತೆ ನೆನಪಿಲ್ಲ ಅಂದರೂ ಅನ್ನಬಹುದು, ನನ್ನ ಮುಖ ನೋಡಿಕೊಂಡು ಅನ್ನಬೇಕಾಗುತ್ತದೆ ಅಷ್ಟೆ, ಆ ಹದಿನೆಂಟು ವರ್ಷ ಎಲ್ಲಿ ಹೋಯಿತು, ಜಾರಿದರೆ ಬ್ರೇಕ್ ಒತ್ತಬೇಡ, ಬೂಟು, ಚಿನ್ನಾ, ದಂಟು, ಬೇರೇನೋ ಯೋಚಿಸಬೇಕು, ಆಗುತ್ತಿಲ್ಲ, ಕಾಗದ ವಾಪಸ್ ಎಳೆದುಕೊಳ್ಳಬೇಕು, ಅದೂ ಆಗುತ್ತಿಲ್ಲ, ಬೆರಳು, ಕೆಂಪು ಎದ್ದುಹೋದ ಉಗುರು, ಅದರ ಕೆಳಗೆ ಖಾಲಿ ಮನೆ, ಅವಳು ಅದನ್ನು ಎತ್ತುತ್ತಲೇ ಇಲ್ಲ, ಬೆರಳು, ಇನ್ನೂ ಅಲ್ಲೇ ಇದೆ.